ಗಡಿ ದಾಟಿದ ಹೊಣೆ

ವಿಮೆ ಎಂಬ ಮಾತು ಕಿವಿಗೆ ಬಿದ್ದೊಡನೆ ಸಾಹಿತ್ಯಾಸಕ್ತರು ಮುಖ ತಿರುಗಿಸುವುದು ಸಹಜವೇ. ಸಣ್ಣ ಅಕ್ಷರಗಳ ಷರತ್ತುಗಳು, ಕಂತಿನ ರಸೀದಿಗಳು, ವರ್ಷಕ್ಕೊಮ್ಮೆ ಬಂದು ಎಚ್ಚರಿಸಿ ಹೋಗುವ ಏಜೆಂಟರು: ಇದರಲ್ಲಿ ರಸವೆಲ್ಲಿಯದು ಎಂದು ನೀವು ಕೇಳಬಹುದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದ ನಾನು ಈ ಶಾಸ್ತ್ರದ ಪಂಡಿತನೇನೂ ಅಲ್ಲ. ನನ್ನನ್ನು ಈ ವಿಷಯದತ್ತ ಎಳೆದದ್ದು ವ್ಯಾಕರಣದ ಒಂದು ಸಂಗತಿ.

ಮೋಟಾರು ವಿಮೆಯ ಒಪ್ಪಂದದಲ್ಲಿ ಇರುವವರು ಇಬ್ಬರೇ. ಕಂತು ಕಟ್ಟುವ ವಾಹನದ ಒಡೆಯ ಒಬ್ಬ, ಹೊಣೆ ಹೊರುವ ಕಂಪನಿ ಇನ್ನೊಂದು. ಇವರಿಬ್ಬರ ಮಾತುಕತೆಯಲ್ಲಿ ಎಲ್ಲಿಯೂ ಇಲ್ಲದೆ, ರಸ್ತೆಯ ಅಂಚಿನಲ್ಲಿ ತನ್ನ ಪಾಡಿಗೆ ತಾನು ನಡೆದು ಹೋಗುತ್ತಿದ್ದು ವಾಹನಕ್ಕೆ ಸಿಕ್ಕಿದವನನ್ನು ಇಂಗ್ಲಿಷರ ಕಾನೂನು 'ಥರ್ಡ್ ಪಾರ್ಟಿ' ಎಂದಿತು, ಅಂದರೆ ಮೂರನೆಯವನು. ನಮ್ಮ ವ್ಯಾಕರಣದಲ್ಲಾದರೋ 'ನಾನು' ಉತ್ತಮ ಪುರುಷ, 'ನೀನು' ಮಧ್ಯಮ ಪುರುಷ, ಮಾತಿನ ವೇಳೆ ಎದುರಿಗಿಲ್ಲದ 'ಅವನು' ಪ್ರಥಮ ಪುರುಷ. ಅವರು ಎಣಿಕೆಯಲ್ಲಿ ಕಡೆಗಿಟ್ಟವನನ್ನು ನಮ್ಮ ವೈಯಾಕರಣರು ಮೊದಲಿಗಿಟ್ಟರು. ರಸ್ತೆ ಅಪಘಾತಗಳ ಕಾನೂನಿನ ಕಳೆದ ನೂರು ವರ್ಷಗಳ ಇತಿಹಾಸವನ್ನು ಓದುತ್ತ ಹೋದಂತೆ, ಕಡೆಯವನಾಗಿದ್ದ ಈ 'ಅವನು' ಹೆಜ್ಜೆ ಹೆಜ್ಜೆಯಾಗಿ ಮೊದಲಿಗನಾಗುತ್ತ ಬಂದದ್ದು ನನಗೆ ಕಂಡಿತು. ಆ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿ ಪ್ರದರ್ಶನಕ್ಕೆಂದು ಓಡಾಡುತ್ತಿದ್ದ ಮೋಟಾರು ಗಾಡಿಗೆ ಸಿಕ್ಕಿ ತೀರಿಕೊಂಡಳು. ಬ್ರಿಟನ್ನಿನಲ್ಲಿ ಮೋಟಾರು ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ ಎಂದು ಇತಿಹಾಸ ದಾಖಲಿಸಿದೆ. ವಿಚಾರಣೆ ನಡೆಯಿತು, ಆಕಸ್ಮಿಕ ಮರಣವೆಂದು ತೀರ್ಪಾಯಿತು, ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಯಂತ್ರಗಾಡಿಯ ಮುಂದೆ ಒಬ್ಬ ಮನುಷ್ಯ ನಡೆದು ಹೋಗಬೇಕೆಂಬ ಹಳೆಯ ನಿಯಮ ಆಗ ಇನ್ನೂ ಆ ದೇಶದಲ್ಲಿತ್ತು. ಅದೇ ವರ್ಷದ ನವೆಂಬರಿನಲ್ಲಿ ಆ ನಿಯಮವನ್ನು ತೆಗೆದುಹಾಕಿದರು. ಗಾಡಿಗೆ ಬಿಡುಗಡೆ ದೊರೆಯಿತು. ಗಾಡಿಯ ಎದುರಿಗೆ ಬರುವವನ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ ಮೂವತ್ತನಾಲ್ಕು ವರ್ಷ ಬೇಕಾಯಿತು.

ಆ ವರ್ಷಗಳಲ್ಲಿ ಗಾಯಾಳುವಿಗೆ ಹಕ್ಕೇ ಇರಲಿಲ್ಲವೆಂದು ಹೇಳಲಾಗದು. ತಪ್ಪು ಮಾಡಿದ ಚಾಲಕನ ಮೇಲೆ ದಾವೆ ಹೂಡುವ ಹಕ್ಕು ಅವನಿಗಿತ್ತು, ಗೆದ್ದರೆ ಡಿಕ್ರಿಯೂ ಕೈಗೆ ಬರುತ್ತಿತ್ತು. ಆದರೆ ಬರಿಗೈಯವನ ಮೇಲೆ ಪಡೆದ ಡಿಕ್ರಿಯಿಂದ ವೈದ್ಯರ ಲೆಕ್ಕ ತೀರುವುದೇ? 1928ರ ನ್ಯಾಯಾಲಯದ ವರದಿಗಳಲ್ಲಿ ಹ್ಯಾರಿಂಗ್ಟನ್ ಮೋಟಾರು ಕಂಪನಿಯ ಪ್ರಕರಣವೊಂದಿದೆ. ಆ ಕಂಪನಿಯ ವಾಹನದಿಂದ ಗಾಯಗೊಂಡ ಪಾದಚಾರಿಯೊಬ್ಬ ಮೊಕದ್ದಮೆ ಗೆದ್ದ. ಅಷ್ಟರಲ್ಲಿ ಕಂಪನಿ ದಿವಾಳಿಯೆದ್ದಿತು. ಕಂಪನಿಗೆ ವಿಮೆಯಿತ್ತು, ವಿಮೆಯವರು ಹಣ ಕೊಟ್ಟರು. ಆದರೆ ಒಪ್ಪಂದ ಇದ್ದದ್ದು ಅವರಿಗೂ ಮೋಟಾರು ಕಂಪನಿಗೂ ನಡುವೆ. ಆದ್ದರಿಂದ ಹಣ ಸಂದದ್ದು ದಿವಾಳಿಯ ಲೆಕ್ಕಕ್ಕೆ. ಅಲ್ಲಿಂದ ಅದು ಕಂಪನಿಗೆ ಸಾಲ ಕೊಟ್ಟಿದ್ದವರಿಗೆಲ್ಲ ಹಂಚಿಹೋಗಬೇಕು, ಗಾಯಾಳುವೂ ಆ ಸಾಲಿನಲ್ಲಿ ಒಬ್ಬನಾಗಿ ನಿಲ್ಲಬೇಕು ಎಂದು ನ್ಯಾಯಾಲಯ ಹೇಳಿತು. ಒಬ್ಬನ ಮೈಗಾದ ಪೆಟ್ಟಿಗೆ ಬಂದ ಹಣ ಊರ ಸಾಲಕ್ಕೆ ಸಂದಾಯವಾಯಿತು. ನ್ಯಾಯಾಧೀಶರು ತಪ್ಪಿದರೆಂದು ನಾನು ಹೇಳಲಾರೆ. ಅಂದಿನ ಕಾನೂನು ಇದ್ದದ್ದೇ ಹಾಗೆ. ಒಪ್ಪಂದದಲ್ಲಿ ಹೆಸರಿಲ್ಲದವನಿಗೆ ಒಪ್ಪಂದದ ಫಲವೂ ಇಲ್ಲ.

ಅನ್ಯಾಯ ಇಷ್ಟು ಸ್ಪಷ್ಟವಾಗಿ ಕಂಡ ಮೇಲೆ ಪಾರ್ಲಿಮೆಂಟು ಸುಮ್ಮನಿರಲಾಗಲಿಲ್ಲ. 1930ರಲ್ಲಿ ಎರಡು ಶಾಸನಗಳು ಬಂದವು. ದಿವಾಳಿಯೆದ್ದವನ ವಿಮೆಯ ಹಕ್ಕು ನೇರವಾಗಿ ಗಾಯಾಳುವಿಗೆ ವರ್ಗವಾಗಬೇಕೆಂದು ಒಂದು ಹೇಳಿತು. ವಿಮೆಯಿಲ್ಲದೆ ವಾಹನವನ್ನು ರಸ್ತೆಗಿಳಿಸಕೂಡದೆಂದು ಇನ್ನೊಂದು ವಿಧಿಸಿತು. ಇದು 1931ರ ಜನವರಿ 1ರಿಂದ ಜಾರಿಗೆ ಬಂದಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಲ್ಲಿಯೇ ಇಂಥ ಕಡ್ಡಾಯವನ್ನು ತಂದಿತ್ತು. ಆ ಹೊತ್ತಿಗೆ ಬ್ರಿಟನ್ನಿನ ರಸ್ತೆಗಳಲ್ಲಿ ವರ್ಷಕ್ಕೆ ಏಳು ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು ಎಂಬುದನ್ನು ನೆನೆದರೆ ಈ ಕಾನೂನು ಎಷ್ಟು ತಡವಾಗಿ ಬಂತೆಂಬುದು ತಿಳಿಯುತ್ತದೆ.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಆದರೆ ಒಂದು ಬಿರುಕನ್ನು ಮುಚ್ಚಿದಾಗ ಇನ್ನೊಂದು ತೆರೆದುಕೊಳ್ಳುವುದು ಈ ಇತಿಹಾಸದ ಸ್ವಭಾವ. ಅರ್ಜಿಯಲ್ಲಿ ಒಡೆಯ ಸುಳ್ಳು ಬರೆದಿದ್ದಾನೆ, ಆದ್ದರಿಂದ ವಿಮೆಯೇ ಅಸಿಂಧು ಎಂದು ಕಂಪನಿಗಳು ವಾದಿಸತೊಡಗಿದವು; ಅಂಥ ವಾದ ಗಾಯಾಳುವಿನ ಡಿಕ್ರಿಗೆ ಸುಲಭವಾಗಿ ಅಡ್ಡ ಬರದಂತೆ 1934ರಲ್ಲಿ ಕಟ್ಟುಪಾಡು ಮಾಡಬೇಕಾಯಿತು. ಕಾನೂನು ಕಡ್ಡಾಯ ಮಾಡಿದ್ದರೂ ವಿಮೆಯನ್ನೇ ಮಾಡಿಸದ ಚಾಲಕ ಗುದ್ದಿದರೆ ಏನು ಗತಿ? 1937ರಲ್ಲಿ ಕ್ಯಾಸೆಲ್ ಸಮಿತಿ ಇದನ್ನು ಪರಿಶೀಲಿಸಿ, ಅಂಥವರಿಗಾಗಿ ಒಂದು ಸಾಮಾನ್ಯ ನಿಧಿ ಬೇಕೆಂದಿತು. ನಡುವೆ ಮಹಾಯುದ್ಧ ಬಂದು, 1946ರಲ್ಲಿ ವಿಮಾ ಕಂಪನಿಗಳೆಲ್ಲ ಸೇರಿ ಮೋಟಾರು ವಿಮಾದಾರರ ಬ್ಯೂರೋ ಒಂದನ್ನು ಕಟ್ಟಿ, ವಿಮೆಯಿಲ್ಲದವನ ಹೊಣೆಯನ್ನೂ ತಾವೇ ಹೊತ್ತವು. ಇನ್ನು ಗುದ್ದಿ ಓಡಿಹೋದವನು? ಅವನನ್ನು ಕುರಿತ ಒಪ್ಪಂದವಾದದ್ದು 1969ರಲ್ಲಿ. ವಿಮೆಯಿಲ್ಲದವನಿಗೂ ಓಡಿಹೋದವನಿಗೂ ನಡುವೆ ಇಪ್ಪತ್ತಮೂರು ವರ್ಷಗಳ ಅಂತರ. ಆ ಅವಧಿಯಲ್ಲಿ ಕತ್ತಲಲ್ಲಿ ಬಿದ್ದವರಿಗೆ ಯಾರಾದರೂ ಏನಾದರೂ ಕೊಟ್ಟಿದ್ದರೆ ಅದು ಅನುಗ್ರಹ, ಹಕ್ಕಲ್ಲ. ಈ ಎರಡು ಪದಗಳ ವ್ಯತ್ಯಾಸ ಕೈಚಾಚಿ ನಿಂತವನಿಗೆ ಚೆನ್ನಾಗಿ ಗೊತ್ತು.

ಇಷ್ಟೂ ಒಂದು ದೇಶದೊಳಗಿನ ಮಾತಾಯಿತು. ಯುದ್ಧ ಮುಗಿದು ಯುರೋಪಿನ ರಸ್ತೆಗಳು ಮತ್ತೆ ತೆರೆದುಕೊಂಡಾಗ ಅದಕ್ಕಿಂತ ಜಟಿಲವಾದ ಪ್ರಶ್ನೆ ಎದುರಾಯಿತು. ಸ್ವೀಡನ್ನಿನ ಪ್ರವಾಸಿಯೊಬ್ಬ ಫ್ರಾನ್ಸಿನ ಹಳ್ಳಿದಾರಿಯಲ್ಲಿ ಒಬ್ಬ ರೈತನಿಗೆ ಗುದ್ದಿದನೆಂದು ಇಟ್ಟುಕೊಳ್ಳೋಣ. ಪ್ರವಾಸಿ ಎರಡು ದಿನ ಕಳೆದು ಊರಿಗೆ ಹೊರಟುಹೋಗುತ್ತಾನೆ. ಕಾಲು ಮುರಿದ ರೈತ ಸ್ಟಾಕ್‌ಹೋಮಿಗೆ ಹೋಗಿ, ತಿಳಿಯದ ಭಾಷೆಯಲ್ಲಿ, ಕಾಣದ ಕಂಪನಿಯ ಮೇಲೆ ದಾವೆ ಹೂಡಬೇಕೇ? ದೇಶಗಳ ಕಾನೂನುಗಳಾದರೂ ಒಂದೇ ಆಗಿದ್ದವೇ ಎಂದರೆ ಅದೂ ಇಲ್ಲ. ಫ್ರಾನ್ಸ್ ವಿಮೆಯನ್ನು ಕಡ್ಡಾಯಗೊಳಿಸಿದ್ದು 1958ರ ಶಾಸನದಿಂದ, ಇಟಲಿ 1969ರ ಶಾಸನದಿಂದ. ಒಂದೊಂದು ಗಡಿಯಲ್ಲಿಯೂ ಗಾಡಿ ನಿಲ್ಲಿಸಿ ಹೊಸದಾಗಿ ವಿಮೆ ಮಾಡಿಸಿ ಎಂದರೆ ಸಂಚಾರವೇ ನಿಂತುಹೋಗುತ್ತದೆ. ಕೇಳದೆ ಬಿಟ್ಟರೆ ರೈತನ ಗತಿ ಅಧೋಗತಿ.

ಈ ಗಂಟನ್ನು ಬಿಚ್ಚಿದ್ದು ಜಿನೀವಾದಲ್ಲಿ. ವಿಶ್ವಸಂಸ್ಥೆ 1947ರಲ್ಲಿ ಯುರೋಪಿಗಾಗಿ ಒಂದು ಆರ್ಥಿಕ ಆಯೋಗವನ್ನು ಅಲ್ಲಿ ಸ್ಥಾಪಿಸಿತ್ತು. ಅದರ ಮೊದಲ ಕಾರ್ಯನಿರ್ವಾಹಕ ಕಾರ್ಯದರ್ಶಿ ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್. 'ಏಷ್ಯನ್ ಡ್ರಾಮಾ' ಎಂಬ ಬೃಹದ್‌ಗ್ರಂಥದ ಕರ್ತೃವಾಗಿ ನಮ್ಮಲ್ಲಿ ಅನೇಕರಿಗೆ ಪರಿಚಿತರಾದವರು ಇವರೇ. ಇವರ ಪತ್ನಿ ಆಲ್ವಾ ಮಿರ್ಡಾಲ್ ಮುಂದೆ ಭಾರತದಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದರು. ಆ ಆಯೋಗದ ರಸ್ತೆ ಸಾರಿಗೆ ಉಪಸಮಿತಿ 1949ರ ಜನವರಿ 25ರಂದು ಒಂದು ಶಿಫಾರಸನ್ನು ಅಂಗೀಕರಿಸಿತು. ಅದರ ಸಂಖ್ಯೆ ಐದು. ಸದ್ದುಗದ್ದಲವಿಲ್ಲದ ಕಾಗದವದು, ಯಾವ ಸರ್ಕಾರವನ್ನೂ ಕಟ್ಟಿಹಾಕುವ ಶಕ್ತಿ ಅದಕ್ಕಿರಲಿಲ್ಲ. ಅದು ಹೇಳಿದ್ದಿಷ್ಟೇ: ಪ್ರತಿಯೊಂದು ದೇಶದ ವಿಮಾ ಕಂಪನಿಗಳೂ ಸೇರಿ ಒಂದೊಂದು ಬ್ಯೂರೋ ಸ್ಥಾಪಿಸಲಿ, ಆ ಬ್ಯೂರೋಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಳ್ಳಲಿ, ಹೊರದೇಶಕ್ಕೆ ಹೋಗುವ ವಾಹನಕ್ಕೆ ಎಲ್ಲೆಡೆಯೂ ಒಂದೇ ರೂಪದ ಪ್ರಮಾಣಪತ್ರ ಕೊಡಲಿ. ಆ ಪತ್ರದ ಬಣ್ಣ ಹಸಿರು. ಹೆಸರೂ ಹಸಿರು ಕಾರ್ಡು ಎಂದೇ ಆಯಿತು. 1953ರ ಜನವರಿ 1ರಿಂದ ಅದು ಚಲಾವಣೆಗೆ ಬಂದಿತು. ಬ್ಯೂರೋಗಳ ಮಂಡಲಿಯ ಕಚೇರಿ ಮೊದಲು ಲಂಡನ್ನಿನಲ್ಲಿತ್ತು; ಈಗ ಬ್ರಸೆಲ್ಸಿನಲ್ಲಿದೆ.

ಇದರ ಒಳಗುಟ್ಟನ್ನು ನಮ್ಮ ಹಳೆಯ ಹುಂಡಿ ವ್ಯವಹಾರ ಬಲ್ಲವರು ಬೇಗ ಹಿಡಿಯುತ್ತಾರೆ. ಒಂದು ಊರಿನ ಸಾಹುಕಾರ ಬರೆದ ಹುಂಡಿಗೆ ದೂರದ ಊರಿನ ಪೇಟೆಯಲ್ಲಿ ಹಣ ದೊರೆಯುತ್ತಿತ್ತಲ್ಲವೇ? ಹಣ ಕೊಟ್ಟವನು ಹುಂಡಿ ತಂದವನ ಮುಖ ನೋಡುತ್ತಿರಲಿಲ್ಲ, ಬರೆದವನ ಹೆಸರು ನೋಡುತ್ತಿದ್ದ. ಲೆಕ್ಕವನ್ನು ಆಮೇಲೆ ತಮ್ಮೊಳಗೆ ತೀರಿಸಿಕೊಳ್ಳುತ್ತಿದ್ದರು. ಹಸಿರು ಕಾರ್ಡಿನಲ್ಲಿಯೂ ಹೀಗೆಯೇ. ನಾನು ಮೊದಲು ಹೇಳಿದ ರೈತ ಸ್ಟಾಕ್‌ಹೋಮಿನ ದಾರಿ ಹಿಡಿಯಬೇಕಾಗಿಲ್ಲ. ತನ್ನ ದೇಶದ ಬ್ಯೂರೋವಿನ ಬಾಗಿಲಿಗೆ ಹೋದರೆ ಸಾಕು. ಗುದ್ದಿದ ಗಾಡಿ ಫ್ರಾನ್ಸಿನದೇ ಎಂಬಂತೆ, ಫ್ರಾನ್ಸಿನ ಕಾನೂನಿಗನುಸಾರವಾಗಿ ಅದು ಲೆಕ್ಕ ತೀರಿಸುತ್ತದೆ. ಆ ಮೇಲೆ ಆ ಹಣವನ್ನು ಸ್ವೀಡನ್ನಿನ ಕಂಪನಿಯಿಂದ ಪಡೆಯುತ್ತದೆ. ಕಂಪನಿ ಕೊಡದಿದ್ದರೆ ಸ್ವೀಡನ್ನಿನ ಬ್ಯೂರೋ ಕೊಡಲೇಬೇಕು. ವಸೂಲಿಯ ತೊಡಕೆಲ್ಲ ಬಲವುಳ್ಳ ಎರಡು ಸಂಸ್ಥೆಗಳ ನಡುವೆ. ಗಾಯಾಳು ಅದರಿಂದ ಪಾರಾದ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಎಲ್ಲ ದೇಶಗಳ ಕಾನೂನನ್ನೂ ಒಂದೇ ಅಚ್ಚಿಗೆ ಎರಕ ಹೊಯ್ಯಲು ಜಿನೀವಾದವರು ಹೊರಡಲಿಲ್ಲ. ಹೊರಟಿದ್ದರೆ ಇಂದಿಗೂ ಸಭೆ ನಡೆಯುತ್ತಿತ್ತೇನೋ. ಊರಿಗೆ ಬಂದವಳು ನೀರಿಗೆ ಬರಲೇಬೇಕೆಂಬ ಗಾದೆಯಂತೆ, ಯಾವ ದೇಶಕ್ಕೆ ಗಾಡಿ ಹೋಯಿತೋ ಆ ದೇಶದ ಕಾನೂನಿಗೆ ಅದರ ವಿಮೆಯೂ ತಲೆಬಾಗಬೇಕೆಂದರು, ಅಷ್ಟೇ. ರಾಜತಂತ್ರಜ್ಞರು ವರ್ಷಗಟ್ಟಲೆ ಕೂತರೂ ಮುಗಿಯದಿದ್ದ ಕೆಲಸ ವಿಮಾದಾರರ ಖಾಸಗಿ ಒಪ್ಪಂದಗಳಿಂದ ಸಾಧಿಸಿತು. ಯುರೋಪು ಅಂದು ಇಬ್ಭಾಗವಾಗಿತ್ತು. 1961ರಲ್ಲಿ ಬರ್ಲಿನ್ನಿನ ನಡುವೆ ಗೋಡೆಯೇ ಎದ್ದಿತು. ಆದರೆ ಪೂರ್ವ ಮತ್ತು ಪಶ್ಚಿಮ ಜರ್ಮನಿಗಳೆರಡೂ ಈ ಹಸಿರು ಕಾರ್ಡಿನ ಕೂಟದಲ್ಲಿದ್ದವು. ಪರಸ್ಪರ ಕ್ಷಿಪಣಿಗಳನ್ನು ಗುರಿಯಿಟ್ಟುಕೊಂಡಿದ್ದ ದೇಶಗಳು ಒಂದು ಮಾತನ್ನಂತೂ ಒಪ್ಪಿದ್ದವು: ನಿಮ್ಮ ಗಾಡಿ ನಮ್ಮವನನ್ನು ಕೆಡವಿದರೆ ನೀವು ಕೊಡತಕ್ಕದ್ದು, ನಮ್ಮದು ನಿಮ್ಮವನನ್ನು ಕೆಡವಿದರೆ ನಾವು.

ನಂಬಿಕೆ ಬೆಳೆದಂತೆ ಕಾಗದದ ಅಗತ್ಯವೂ ಕಡಿಮೆಯಾಯಿತು. ಯುರೋಪಿಯನ್ ಆರ್ಥಿಕ ಸಮುದಾಯ 1972ರ ಏಪ್ರಿಲ್ 24ರಂದು ಹೊರಡಿಸಿದ ಮೊದಲ ನಿರ್ದೇಶನದಿಂದ ಸದಸ್ಯ ದೇಶಗಳ ನಡುವಿನ ಗಡಿಗಳಲ್ಲಿ ವಿಮೆಯ ತಪಾಸಣೆ ನಿಂತಿತು. ಗಾಡಿಯ ನಂಬರ್ ಪ್ಲೇಟೇ ಸಾಕ್ಷಿ. ಆ ದೇಶದ ಬ್ಯೂರೋ ಅದಕ್ಕೆ ಜಾಮೀನು. 1983ರ ಎರಡನೆಯ ನಿರ್ದೇಶನ, ವಿಮೆಯಿಲ್ಲದ ಗಾಡಿಗೂ ಪತ್ತೆಯಾಗದ ಗಾಡಿಗೂ ಸಿಕ್ಕಿದವರಿಗಾಗಿ ಪ್ರತಿ ದೇಶವೂ ಒಂದು ನಿಧಿಯನ್ನೋ ಸಂಸ್ಥೆಯನ್ನೋ ಇಟ್ಟಿರಲೇಬೇಕೆಂದಿತು. 1990ರ ಮೂರನೆಯದು ಗಾಡಿಯೊಳಗೆ ಕುಳಿತ ಪ್ರಯಾಣಿಕರೆಲ್ಲರ ರಕ್ಷಣೆಗೆ ಬಂದಿತು.

ಆ ಬಳಿಕ ಯಾರೂ ಮೊದಲು ಯೋಚಿಸಿರದ ಒಂದು ಬಿರುಕು ಬೆಳಕಿಗೆ ಬಂತು. ಹಸಿರು ಕಾರ್ಡು ಕಾಪಾಡುತ್ತಿದ್ದುದು ಬಂದ ಗಾಡಿಯಿಂದ ಊರವನನ್ನು. ಬಂದವನೇ ಊರಿನ ಗಾಡಿಗೆ ಸಿಕ್ಕಿದರೆ? ರಜೆ ಕಳೆಯಲು ಸ್ಪೇನಿಗೆ ಹೋದ ಹಾಲೆಂಡಿನ ಕುಟುಂಬವೊಂದು ಅಲ್ಲಿನ ಕಾರಿಗೆ ಸಿಕ್ಕಿ, ಬ್ಯಾಂಡೇಜು ಕಟ್ಟಿಕೊಂಡು ಮನೆಗೆ ಮರಳಿದರೆ, ಪರಿಹಾರಕ್ಕಾಗಿ ಮತ್ತೆ ಸ್ಪೇನಿಗೇ ಪತ್ರ ಬರೆಯುತ್ತ ಕೂರಬೇಕಾಗಿತ್ತು. 2000ದ ನಾಲ್ಕನೆಯ ನಿರ್ದೇಶನ ಇದಕ್ಕೆ ಉತ್ತರ ಕೊಟ್ಟಿತು. ಪ್ರತಿ ವಿಮಾ ಕಂಪನಿಯೂ ಪ್ರತಿಯೊಂದು ಸದಸ್ಯ ದೇಶದಲ್ಲಿ ತನ್ನ ಪ್ರತಿನಿಧಿಯನ್ನು ಇಟ್ಟಿರಬೇಕು. ಕೇಳಿಕೆ ಬಂದ ಮೂರು ತಿಂಗಳೊಳಗೆ ಕಾರಣಸಹಿತವಾದ ಉತ್ತರ ಕೊಡಬೇಕು. 2007ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಾಯಾಳು ತನ್ನ ಊರಿನ ನ್ಯಾಯಾಲಯದಲ್ಲಿಯೇ ಹೊರದೇಶದ ವಿಮಾ ಕಂಪನಿಯ ಮೇಲೆ ದಾವೆ ಹೂಡಬಹುದೆಂದು ತೀರ್ಪು ನೀಡಿತು.

ಹಾಗೆಯೇ, ರಸ್ತೆ ಅಪಘಾತವೆಂದರೆ ರಸ್ತೆಯಲ್ಲಿಯೇ ಆಗಬೇಕೇ ಎಂಬ ಚರ್ಚೆಯೂ ನಡೆಯಿತು. 2007ರ ಆಗಸ್ಟಿನಲ್ಲಿ ಸ್ಲೊವೇನಿಯಾದ ಒಂದು ಹೊಲಮನೆಯಲ್ಲಿ ಅಟ್ಟಕ್ಕೆ ಹುಲ್ಲಿನ ಹೊರೆ ಏರಿಸುತ್ತಿದ್ದರು. ಅಂಗಳದಲ್ಲಿ ಹಿಂದಕ್ಕೆ ಸರಿದ ಟ್ರಾಕ್ಟರಿನ ಟ್ರೇಲರು ಏಣಿಗೆ ಬಡಿದು, ಏಣಿಯ ಮೇಲಿದ್ದವನು ಕೆಳಗೆ ಬಿದ್ದ. ಅಂಗಳ ರಸ್ತೆಯಲ್ಲ, ಅಲ್ಲಿ ಟ್ರಾಕ್ಟರು ಸಂಚಾರದ ವಾಹನವೂ ಅಲ್ಲ ಎಂದು ಅಲ್ಲಿನ ನ್ಯಾಯಾಲಯಗಳು ಅವನನ್ನು ಬರಿಗೈಯಲ್ಲಿ ಕಳುಹಿಸಿದವು. ಏಳು ವರ್ಷಗಳ ಬಳಿಕ, 2014ರ ಸೆಪ್ಟೆಂಬರಿನಲ್ಲಿ, ಯುರೋಪಿನ ನ್ಯಾಯಾಲಯ ಬೇರೆಯೇ ಮಾತು ಹೇಳಿತು: ವಾಹನವನ್ನು ಅದರ ಸಹಜವಾದ ಕೆಲಸಕ್ಕೆ ಬಳಸುತ್ತಿದ್ದರೆ ಸಾಕು, ವಿಮೆಯ ಹೊಣೆ ಅಂಗಳಕ್ಕೂ ಬರುತ್ತದೆ. ಕಣದಲ್ಲಿ, ಹಿತ್ತಿಲಲ್ಲಿ ಟ್ರಾಕ್ಟರುಗಳು ಓಡಾಡುವುದನ್ನು ದಿನವೂ ಕಾಣುವ ನಮಗೆ ಈ ತೀರ್ಪಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು, ವಿಮಾ ಕಂಪನಿಯೇ ದಿವಾಳಿಯಾದರೆ ಏನೆಂಬ ಕೊನೆಯ ಪ್ರಶ್ನೆಗೆ 2021ರ ನಿರ್ದೇಶನ ಉತ್ತರ ಕೊಟ್ಟಿತು. 1928ರಲ್ಲಿ ದಿವಾಳಿಯೆದ್ದವನು ಗಾಡಿಯ ಒಡೆಯ. ಈಗ ಚಿಂತೆ ಅವನ ಹೊಣೆ ಹೊತ್ತವನ ದಿವಾಳಿಯದು.

ಯುರೋಪಿನ ಈ ಮಾದರಿಯನ್ನು ಬೇರೆ ಖಂಡಗಳೂ ತಮ್ಮದೇ ಬಣ್ಣಗಳಲ್ಲಿ ಅನುಸರಿಸಿದವು. ಅರಬ್ ದೇಶಗಳು 1975ರಲ್ಲಿ ಟ್ಯೂನಿಸಿನಲ್ಲಿ ಕಿತ್ತಳೆ ಕಾರ್ಡಿಗೆ ಒಪ್ಪಿದವು. ಪಶ್ಚಿಮ ಆಫ್ರಿಕದವರು 1982ರಲ್ಲಿ ಕೊಟೊನೂವಿನಲ್ಲಿ ಕಂದು ಕಾರ್ಡನ್ನೂ, ಪೂರ್ವ ಮತ್ತು ದಕ್ಷಿಣ ಆಫ್ರಿಕದ ದೇಶಗಳು 1986ರಲ್ಲಿ ಆಡಿಸ್ ಅಬಾಬದಲ್ಲಿ ಹಳದಿ ಕಾರ್ಡನ್ನೂ ರೂಪಿಸಿದವು. ಆಗ್ನೇಯ ಏಷ್ಯದವರದು 2001ರ ಒಪ್ಪಂದದ ನೀಲಿ ಕಾರ್ಡು. ಮೂಲದ ಹಸಿರು ಕಾರ್ಡಾದರೋ 2020ರ ಜುಲೈಯಿಂದ ಬಿಳಿಯ ಹಾಳೆಯಲ್ಲಿ ಅಚ್ಚಾದರೂ ಸಲ್ಲುತ್ತದೆ. ಬಣ್ಣ ಹೋದರೂ ಹೆಸರು ಉಳಿದಿದೆ.

ಇನ್ನು ನಮ್ಮ ಕಡೆಗೆ ಬರೋಣ. ಬ್ರಿಟನ್ನಿನ 1930ರ ಶಾಸನದ ಛಾಯೆ ನಮ್ಮ 1939ರ ಮೋಟಾರು ವಾಹನಗಳ ಕಾಯಿದೆಯ ಮೇಲೆ ಬಿದ್ದಿತ್ತು. ಅದರಲ್ಲಿನ ಕಡ್ಡಾಯ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. 1956ರ ತಿದ್ದುಪಡಿಯಿಂದ ಪರಿಹಾರಕ್ಕಾಗಿಯೇ ನ್ಯಾಯಮಂಡಳಿಗಳು ಬಂದವು. ಗುದ್ದಿ ಓಡಿಹೋದ ವಾಹನಗಳಿಗೆ ಸಿಕ್ಕವರಿಗಾಗಿ 1982ರಲ್ಲಿ ಒಂದು ನಿಧಿ ಏರ್ಪಟ್ಟಿತು. ಸತ್ತವನ ಮನೆಯವರಿಗೆ 5,000 ರೂಪಾಯಿ, ತೀವ್ರವಾಗಿ ಗಾಯಗೊಂಡವನಿಗೆ 1,000. 1988ರ ಹೊಸ ಕಾಯಿದೆಯಲ್ಲಿ ಸಾವಿನ ಮೊತ್ತ 8,500 ಆಯಿತು. ಆ ಕಾಲದಲ್ಲಿ, 1991ರಲ್ಲಿ, ನನ್ನ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ ಸಂತೆ ಮುಗಿಸಿ ಬರುವಾಗ ಕತ್ತಲಲ್ಲಿ ಯಾವುದೋ ಲಾರಿಗೆ ಸಿಕ್ಕಿ ತೀರಿಕೊಂಡರು. ಲಾರಿ ಯಾರದೆಂದು ತಿಳಿಯಲೇ ಇಲ್ಲ. ಅರ್ಜಿ ಬರೆಯಲು ಹುಡುಗ ನನ್ನ ಬಳಿಗೆ ಬಂದಿದ್ದ. ಎದುರುವಾದಿಯ ಹೆಸರು ಎಂಬಲ್ಲಿ ಏನು ಬರೆಯಲಿ ಸಾರ್ ಎಂದು ಕೇಳಿದ. ಎದುರಿಗೆ ಯಾರೂ ಇಲ್ಲದ ದುಃಖವೂ ಇದೆಯೆಂದು ಅಂದು ತಿಳಿದೆ. 1994ರಲ್ಲಿ ಆ ಮೊತ್ತ 25,000 ಆಗಿ, ಮುಂದೆ ಇಪ್ಪತ್ತೇಳು ವರ್ಷ ಅಲ್ಲಿಯೇ ನಿಂತಿತು. ಅದು 2,00,000 ರೂಪಾಯಿ ಆದದ್ದು 2022ರ ಏಪ್ರಿಲ್ 1ರಿಂದ.

ಆದರೆ 1994ರ ಅದೇ ತಿದ್ದುಪಡಿಯಲ್ಲಿ ನಾವು ಹೆಮ್ಮೆಪಡಬಹುದಾದ ಒಂದು ಮಾತಿದೆ. ಅಪಘಾತ ಎಲ್ಲಿಯೇ ಆಗಿರಲಿ, ಅರ್ಜಿದಾರ ತಾನು ವಾಸಿಸುವ ಊರಿನ ನ್ಯಾಯಮಂಡಳಿಯ ಮುಂದೆ ಪರಿಹಾರ ಕೇಳಬಹುದು. ಬೀದರಿನಿಂದ ಕೂಲಿಗೆಂದು ಪುಣೆಗೆ ಹೋದವನು ಅಲ್ಲಿನ ರಸ್ತೆಯಲ್ಲಿ ಸತ್ತರೆ, ಅವನ ಹೆಂಡತಿ ಮಕ್ಕಳು ಬೀದರಿನಲ್ಲಿಯೇ ಅರ್ಜಿ ಸಲ್ಲಿಸಬಹುದು. ಯುರೋಪಿನ ನ್ಯಾಯಾಲಯ 2007ರಲ್ಲಿ ತಲುಪಿದ ಜಾಗಕ್ಕೆ ನಮ್ಮ ಕಾನೂನು, ದೇಶದೊಳಗಿನ ಮಟ್ಟಿಗೆ, ಹದಿಮೂರು ವರ್ಷ ಮೊದಲೇ ತಲುಪಿತ್ತು.

ದೇಶದ ಗಡಿಯಾಚೆಗೆ ಮಾತ್ರ ನಮ್ಮ ಪ್ರಯತ್ನ ಇನ್ನೂ ಎಳೆಯದು. 2015ರ ಜೂನ್ 15ರಂದು ಥಿಂಪುವಿನಲ್ಲಿ ಬಾಂಗ್ಲಾದೇಶ, ಭೂತಾನ, ಭಾರತ ಮತ್ತು ನೇಪಾಳ ಮೋಟಾರು ವಾಹನಗಳ ಸಂಚಾರಕ್ಕೆ ಒಪ್ಪಂದ ಮಾಡಿಕೊಂಡವು. ಮರುವರ್ಷ ಭೂತಾನದ ರಾಷ್ಟ್ರೀಯ ಪರಿಷತ್ತು ಅದನ್ನು ಒಪ್ಪಲಿಲ್ಲ. ಗಾಡಿ ದಾಟುವ ಮಾತು ಹೀಗೆ ಎಳೆದಾಡುತ್ತಿರುವಾಗ, ಗಾಡಿಯ ಹಿಂದೆ ಹೊಣೆಯೂ ದಾಟಬೇಕೆಂಬ ಮಾತಿಗೆ ನಾವು ಇನ್ನಷ್ಟು ಗಟ್ಟಿಯಾಗಿ ದನಿ ಕೊಡಬೇಕಾಗಿದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಸರ್ಕಾರದ ವರದಿ ಹೇಳುತ್ತದೆ. ವಿಮೆ ಇವರಲ್ಲಿ ಒಬ್ಬನನ್ನೂ ಬದುಕಿಸಲಾರದು. ಕಳೆದುಹೋದ ಕಾಲಿಗೂ ಇಲ್ಲವಾದ ತಂದೆಗೂ ಬೆಲೆ ಕಟ್ಟುವುದೇ ಒಂದು ಬಗೆಯ ಕ್ರೌರ್ಯವೆಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲವೆಂದು ನಾನೆನ್ನಲಾರೆ. ಆದರೆ ಬೆಲೆ ಕಟ್ಟದೆ ಬಿಟ್ಟ ಕಾಲದಲ್ಲಿ ಆ ನಷ್ಟವನ್ನು ಸತ್ತವನ ಮನೆಯವರೇ ಹೊತ್ತರೆಂಬುದೂ ಅಷ್ಟೇ ಸತ್ಯ. ಹಣವಿಲ್ಲದ ಚಾಲಕ, ವಿಮೆಯಿಲ್ಲದ ಚಾಲಕ, ಓಡಿಹೋದ ಚಾಲಕ, ಹೊರದೇಶದ ಚಾಲಕ, ದಿವಾಳಿಯೆದ್ದ ಕಂಪನಿ: ಇವುಗಳಲ್ಲಿ ಒಂದೊಂದು ಬಿರುಕನ್ನೂ ಮೊದಲು ಕಂಡವನು ಅದರೊಳಗೆ ಬಿದ್ದವನೇ. ಅವನ ಹೆಸರು ಯಾವ ಒಪ್ಪಂದದಲ್ಲಿಯೂ ಇರಲಿಲ್ಲ. ಅವನು ಯಾರೆಂಬುದು ಕಂತು ಕಟ್ಟುವವನಿಗೂ ಕಂತು ಪಡೆಯುವವನಿಗೂ ಮುಂಚಿತವಾಗಿ ತಿಳಿಯುವಂತಿಲ್ಲ. ನಾಳೆ ಬೆಳಿಗ್ಗೆ ಹಾಲು ತರಲು ರಸ್ತೆ ದಾಟುವ ನಾನಾಗಬಹುದು, ಇದನ್ನು ಓದುತ್ತಿರುವ ನೀವಾಗಬಹುದು. ವರ್ಷಕ್ಕೊಮ್ಮೆ ವಿಮೆಯ ಕಂತು ಕಟ್ಟುವಾಗ ನಾವು ಗೊಣಗುತ್ತೇವೆ. ಮುಂದಿನ ಸಲ ಆ ರಸೀದಿಯನ್ನು ಕೈಗೆ ತೆಗೆದುಕೊಂಡಾಗ, ಅದು ಮುಖ ಕಾಣದ ಒಬ್ಬನಿಗೆ ನಾವು ಕೊಟ್ಟ ಮಾತು ಎಂಬುದನ್ನು ನೆನಪಿಟ್ಟರೆ ಸಾಕು.